ಹಳೇ ಮ್ಯೂಸಿಕ್ ಸೀಡಿಯಿಂದ ಹಾಡು ಇಳಿಸುವುದು: ಕಂಪ್ಯೂಟರ್ ಕೆಡಿಸಿಕೊಳ್ಳದೆ ಮಾಡುವ ಸಮಗ್ರ ಮಾರ್ಗದರ್ಶಿ

ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರ ಕಡೆ ಮಳೆ ಹಿಡಿದುಕೊಂಡಿತು ಅಂದರೆ ಜನ ಅಟ್ಟ ಹತ್ತುತ್ತಾರೆ. ಟ್ರಂಕಿನ ತಳದಲ್ಲಿದ್ದ ಸೀಡಿಗಳು ಆಗ ಹೊರಗೆ ಬರುತ್ತವೆ. ಯಕ್ಷಗಾನ, ಭಜನೆ, ಭಾವಗೀತೆ, ಜೊತೆಗೆ ಅಮೆರಿಕದಿಂದಲೋ ಗಲ್ಫಿನಿಂದಲೋ ಯಾರೋ ತಂದುಕೊಟ್ಟ ಇಂಗ್ಲಿಷ್ ಆಲ್ಬಂ ನಾಲ್ಕಾರು. ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿ ಕಾರಿನಲ್ಲಿ ಕೇಳಬೇಕು ಅನ್ನೋದು ಆಸೆ. ಆಮೇಲೆ ಫೋನು ಬರುತ್ತದೆ: "ಅಪ್ಪಿ, ಸೀಡಿ ಹಾಕಿ ಒಂದ್ಸಲ ಯೆಸ್ ಒತ್ತಿದ್ದೊಂದೇ. ಈಗ ಡ್ರೈವೇ ಕಾಣ್ತಿಲ್ಲೆ."

ಪ್ರತಿ ಸಲ ತಪ್ಪು ಅದೇ. ಸೀಡಿ ಮೊದಲು ಒಳಗೆ ಹೋಗುತ್ತದೆ, ಎಚ್ಚರಿಕೆ ಆಮೇಲೆ ಬರುತ್ತದೆ. ಈ ಕೆಲಸದಲ್ಲಿ ಜಾಣತನಕ್ಕಿಂತ ಕ್ರಮ ಮುಖ್ಯ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಈಗಾಗಲೇ "ಯೆಸ್" ಒತ್ತಿ ಆಗಿದೆ ಅನ್ನುವವರು ಸೀದಾ ಏಳನೇ ಹಂತಕ್ಕೆ ಹೋಗಿ.

ಒಂದು ಮಾತು: ಟೈಪ್ ಮಾಡಬೇಕಾದ ಆಜ್ಞೆಗಳನ್ನು ಇಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಬರೆದಿದ್ದೇನೆ. ನೀವು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಹೊಡೆಯಬೇಕು. ನಡುವೆ ಸ್ಪೇಸ್ ಎಲ್ಲಿ ಅಂತ ಹೇಳಿದ್ದೇನೋ ಅಲ್ಲಿ ಮಾತ್ರ ಸ್ಪೇಸ್.

ಹಾಡಿನ ಸೀಡಿಯೊಳಗೆ ಪ್ರೋಗ್ರಾಂ ಹೇಗೆ ಬಂತು?

ಇಷ್ಟು ಗೊತ್ತಿರದಿದ್ದರೆ ಮುಂದಿನ ಹಂತಗಳು ಸುಮ್ನೆ ಕಂಠಪಾಠ ಆಗುತ್ತವೆ. ಒಂದು ಸೀಡಿಯಲ್ಲಿ ಒಂದಕ್ಕಿಂತ ಹೆಚ್ಚು ಭಾಗ ಇರಬಹುದು. ಮೊದಲ ಭಾಗದಲ್ಲಿ ಹಾಡು, ಎರಡನೆಯದರಲ್ಲಿ ಕಂಪ್ಯೂಟರ್ ಫೈಲು. ಮನೆಯ ಸೀಡಿ ಪ್ಲೇಯರ್ ಮೊದಲ ಭಾಗ ಮಾತ್ರ ಓದಿ ಹಾಡುತ್ತದೆ. ಕಂಪ್ಯೂಟರ್ ಎರಡನೆಯದನ್ನೂ ಓದುತ್ತದೆ. ಅಲ್ಲಿ ಆಟೋರನ್ ಫೈಲ್ ಇದ್ದರೆ, ಹಳೇ ವಿಂಡೋಸ್ ಯಾರನ್ನೂ ಕೇಳದೆ ಅದನ್ನು ಓಡಿಸುತ್ತಿತ್ತು. ಕಾಪಿ ತಡೆಯುವ ಪ್ರೋಗ್ರಾಂಗಳು ನುಗ್ಗಿದ್ದು ಈ ದಾರಿಯಲ್ಲೇ.

ನಮಗೆ ಬೇಕಾದ ಹೆಸರು ಎರಡು. ಒಂದು ಎಕ್ಸ್‌ಸಿಪಿ, ಬ್ರಿಟನ್ನಿನ ಫಸ್ಟ್ 4 ಇಂಟರ್‌ನೆಟ್ ಮಾಡಿದ್ದು. ಇನ್ನೊಂದು ಮೀಡಿಯಾಮ್ಯಾಕ್ಸ್, ಅಮೆರಿಕದ ಸನ್‌ಕಾಮ್ ಮಾಡಿದ್ದು. ಎರಡೂ ಸೋನಿ ಬಿಎಂಜಿ ಕಂಪನಿಯ ಸೀಡಿಗಳ ಮೇಲೆ ಬಂದವು. ಎಕ್ಸ್‌ಸಿಪಿ ತನ್ನನ್ನೇ ಅಡಗಿಸಿಕೊಳ್ಳುತ್ತದೆ ಅಂತ ವಿಂಡೋಸ್ ತಜ್ಞ ಮಾರ್ಕ್ ರುಸಿನೋವಿಚ್ 2005ರ ಅಕ್ಟೋಬರ್ 31ರಂದು ಬಹಿರಂಗ ಮಾಡಿದರು. ನವೆಂಬರ್‌ನಲ್ಲಿ ಕಂಪನಿ ಆ ಸೀಡಿಗಳನ್ನು ವಾಪಸ್ ಕರೆಯಿತು. ಆದರೆ ಅಷ್ಟರಲ್ಲಿ ಕೊಂಡವರ ಮನೆಯಲ್ಲಿದ್ದ ಸೀಡಿ ಎಲ್ಲಿಗೆ ಹೋಗುತ್ತದೆ? ಸೂಟ್‌ಕೇಸಿನಲ್ಲಿ ಕೂತು ನಮ್ಮೂರಿಗೂ ಬಂತು.

ಬೇಕಾಗುವ ಸಾಮಾನು

64 ಬಿಟ್ ಲ್ಯಾಪ್‌ಟಾಪ್ ಒಂದು. ಅದರಲ್ಲಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್. 8 ಜಿಬಿಯ ಖಾಲಿ ಪೆನ್‌ಡ್ರೈವ್. ಹಾಡು ತುಂಬಿಸಲು ಬೇರೆಯೇ ಒಂದು ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್. ಮೆತ್ತಗಿನ ಹತ್ತಿ ಬಟ್ಟೆ. ಮಾರ್ಕರ್ ಪೆನ್ನು, ಕಾಗದದ ಲಕೋಟೆಗಳು.

ಕರೆಂಟಿನ ವಿಚಾರವನ್ನೂ ಸಾಮಾನಿನ ಪಟ್ಟಿಯಲ್ಲೇ ಸೇರಿಸುತ್ತೇನೆ. ಆಷಾಢದಲ್ಲಿ ಘಟ್ಟದ ಮೇಲೆ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳೋಕಾಗಲ್ಲ. ಯುಪಿಎಸ್ ಬ್ಯಾಟರಿ ಸತ್ತ ಡೆಸ್ಕ್‌ಟಾಪ್ ಮೇಲೆ ಎಂಟನೇ ಹಂತಕ್ಕೆ ಕೈ ಹಾಕಬೇಡಿ.

ಹಂತ 1: ಸೀಡಿಗಳನ್ನು ಮೂರು ರಾಶಿ ಮಾಡಿ

ಕಂಪ್ಯೂಟರ್ ಇನ್ನೂ ಆನ್ ಮಾಡಬೇಡಿ. ಬೆಳಕಿರುವ ಕಡೆ ಕೂತು ಒಂದೊಂದೇ ಕವರ್ ನೋಡಿ.

ಮೊದಲ ರಾಶಿ, ಅಂಗಡಿಯಿಂದ ತಂದ ನಮ್ಮ ಕನ್ನಡ, ಕೊಂಕಣಿ, ಹಿಂದಿ ಆಡಿಯೋ ಸೀಡಿಗಳು. ತಾಳಮದ್ದಳೆ, ಸುಗಮ ಸಂಗೀತ, ದೇವರನಾಮ ಎಲ್ಲ ಇಲ್ಲಿಗೆ. ನನ್ನ ಕೈಗೆ ಬಂದವುಗಳಲ್ಲಿ ಇಂಥವು ತೊಂದರೆ ಕೊಟ್ಟಿಲ್ಲ. ಸುಮ್ನೆ ಹೆದರಬೇಡಿ.

ಎರಡನೆಯದು, ಹೊರದೇಶದಿಂದ ಬಂದವು. ಅದರಲ್ಲೂ 2003ರಿಂದ 2005ರ ಒಳಗಿನವುಗಳ ಮೇಲೆ ಜಾಸ್ತಿ ಕಣ್ಣಿಡಿ. ಮುಂದಿನ ಕವರಿನ ಎಡ ಅಂಚಿನಲ್ಲಿ ಉದ್ದಕ್ಕೆ "ಕಂಟೆಂಟ್ ಪ್ರೊಟೆಕ್ಟೆಡ್" ಅಂತ ಇಂಗ್ಲಿಷಿನಲ್ಲಿ ಇದೆಯಾ ನೋಡಿ. ಹಿಂಬದಿ ತಿರುಗಿಸಿ. ಹಾಡಿನ ಸೀಡಿಗೆ ಎಂಥ ವಿಂಡೋಸ್ ಬೇಕು ಅಂತ ಸಣ್ಣ ಅಕ್ಷರದ ಚೌಕ ಯಾಕೆ ಬೇಕು? ಅದು ಇದ್ದರೆ ಒಳಗೆ ಪ್ರೋಗ್ರಾಂ ಇದೆ ಅಂತಲೇ ಲೆಕ್ಕ. ಅಲ್ಲಿ ವೆಬ್ ವಿಳಾಸ ಇದ್ದು ಅದರ ಕೊನೆಗೆ ಎಕ್ಸ್-ಸಿ-ಪಿ ಅಂತ ಇದ್ದರೆ ಎಕ್ಸ್‌ಸಿಪಿ. ಸನ್‌ಕಾಮ್ ಹೆಸರಿದ್ದರೆ ಮೀಡಿಯಾಮ್ಯಾಕ್ಸ್. ಎಕ್ಸ್‌ಸಿಪಿ ಇದ್ದ ಆಲ್ಬಂಗಳು 52 ಅಂತ ಕಂಪನಿಯೇ ಪಟ್ಟಿ ಕೊಟ್ಟಿತ್ತು.

ಕವರ್ ಕಳೆದುಹೋಗಿದ್ದರೆ? ಹೊರದೇಶದ್ದು ಅಂತ ಗೊತ್ತಿದ್ದರೆ ಸಾಕು, ಅನುಮಾನದ ರಾಶಿಗೇ ಹಾಕಿ. "ಕಾಂಪ್ಯಾಕ್ಟ್ ಡಿಸ್ಕ್ ಡಿಜಿಟಲ್ ಆಡಿಯೋ" ಅನ್ನುವ ಹಳೇ ಗುರುತು ಇದ್ದರೆ ಸ್ವಲ್ಪ ನೆಮ್ಮದಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ಮೂರನೇ ರಾಶಿ ಯಾರೋ ಬರೆದುಕೊಟ್ಟ ಎಂಪಿ3 ಸೀಡಿಗಳದ್ದು. ಮಾರಿಕಾಂಬಾ ಜಾತ್ರೆ ಬೀದಿಯಲ್ಲಿ ಕೊಂಡದ್ದು, ಮೈಕ್‌ಸೆಟ್ ಅಂಗಡಿಯಲ್ಲಿ ಬರೆಸಿದ್ದು, ಕಾಲೇಜು ಗೆಳೆಯರು ಕೊಟ್ಟಿದ್ದು. ಇವುಗಳಲ್ಲಿ ಕಾಪಿ ತಡೆ ಇರುವುದಿಲ್ಲ. ಆದರೆ ಬರೆದ ಕಂಪ್ಯೂಟರಿಗೆ ವೈರಸ್ ತಗುಲಿದ್ದರೆ ಅದೂ ಸೀಡಿಗೆ ಹತ್ತಿರುತ್ತದೆ. ಫೋಲ್ಡರಿನ ಚಿತ್ರ ಹೊತ್ತ ಪ್ರೋಗ್ರಾಂ ಫೈಲು ಇಂಥಲ್ಲಿ ಸಿಗುವುದು ಹೊಸದೇನಲ್ಲ. ಇದನ್ನೂ ಎರಡನೇ ರಾಶಿಯ ಹಾಗೇ ನೋಡಿಕೊಳ್ಳಿ.

ಹಂತ 2: ಯಾವ ಕಂಪ್ಯೂಟರಿನಲ್ಲಿ ಮಾಡಬಾರದು

ಅಡಿಕೆ ವ್ಯಾಪಾರದ ಲೆಕ್ಕ ಇರುವ ಯಂತ್ರ, ಸೊಸೈಟಿಯ ಯಂತ್ರ, ಬ್ಯಾಂಕ್ ವ್ಯವಹಾರ ಮಾಡುವ ಲ್ಯಾಪ್‌ಟಾಪ್. ಇವು ಬೇಡವೇ ಬೇಡ.

"ಹಳೇ ವಿಂಡೋಸ್ ಎಕ್ಸ್‌ಪಿ ಡೆಸ್ಕ್‌ಟಾಪ್ ಒಂದು ಮೂಲೆಯಲ್ಲಿದೆ, ಅದರಲ್ಲಿ ಸೀಡಿ ಡ್ರೈವ್ ಚೆನ್ನಾಗಿದೆ" ಅನ್ನುತ್ತಾರೆ. ಎಲ್ಲರೂ ಜಾರುವುದು ಇಲ್ಲೇ. ಎಕ್ಸ್‌ಸಿಪಿ, ಮೀಡಿಯಾಮ್ಯಾಕ್ಸ್ ಬರೆದದ್ದೇ ಆ ಕಾಲದ ವಿಂಡೋಸ್‌ಗೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಲ್ಲಿಸಿತು. ಅಂದರೆ ಆ ಸೀಡಿಗೆ ಅದಕ್ಕಿಂತ ಒಳ್ಳೇ ಮನೆ ಬೇರೆ ಇಲ್ಲ. 64 ಬಿಟ್ ವಿಂಡೋಸ್ 10 ಅಥವಾ 11ರಲ್ಲಿ ಆ ಹಳೇ ಡ್ರೈವರ್‌ಗಳು (ಯಂತ್ರದ ಭಾಗಗಳನ್ನು ನಡೆಸುವ ಪ್ರೋಗ್ರಾಂಗಳು) ಕೂರುವುದಿಲ್ಲ, ಡಿಜಿಟಲ್ ಸಹಿ ಇಲ್ಲದ ಡ್ರೈವರನ್ನು ಅದು ಒಳಗೆ ಬಿಡುವುದಿಲ್ಲ. ಆದರೆ ಸೀಡಿಯಲ್ಲಿನ ಉಳಿದ ಪ್ರೋಗ್ರಾಂ ಓಡಬಹುದು. ಹಾಗಾಗಿ ಅಲ್ಲೂ ಮುಂದಿನ ಹಂತ ತಪ್ಪಿಸಬೇಡಿ.

ಮ್ಯಾಕ್ ಇದ್ದವರಿಗೆ ಒಂದೇ ಸಾಲು: ಹಾಡಿನ ಸೀಡಿ ಪಾಸ್‌ವರ್ಡ್ ಕೇಳಿದರೆ ಕೊಡಬೇಡಿ.

ಹಂತ 3: ಸೀಡಿ ಹಾಕುವ ಮೊದಲೇ ಆಟೋರನ್ ಬಂದ್ ಮಾಡಿ

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಆಮೇಲೆ ಬ್ಲೂಟೂತ್ ಮತ್ತು ಡಿವೈಸಸ್, ಅಲ್ಲಿ ಆಟೋಪ್ಲೇ. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ಡಿವೈಸಸ್, ಆಟೋಪ್ಲೇ. ಮೇಲಿನ ಸ್ವಿಚ್ ಆಫ್ ಮಾಡಿ.

ಎಕ್ಸ್‌ಪಿಯೇ ಗತಿ ಅನ್ನುವವರಿಗೆ ಕೆಲಸ ಸ್ವಲ್ಪ ಜಾಸ್ತಿ. ಸ್ಟಾರ್ಟ್, ರನ್ ಒತ್ತಿ ಆರ್-ಇ-ಜಿ-ಇ-ಡಿ-ಐ-ಟಿ ಅಂತ ಹೊಡೆದು ರೆಜ್‌ಎಡಿಟ್ ತೆರೆಯಿರಿ. ವಿಂಡೋಸಿನ ಒಳ ಸೆಟ್ಟಿಂಗ್‌ಗಳ ಪಟ್ಟಿಯಾದ ರಿಜಿಸ್ಟ್ರಿಯನ್ನು ತಿದ್ದುವ ಸಾಧನ ಅದು. ಕರೆಂಟ್ ಯೂಸರ್ ಕೆಳಗೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ಪಾಲಿಸೀಸ್, ಎಕ್ಸ್‌ಪ್ಲೋರರ್ ವರೆಗೆ ಇಳಿಯಿರಿ. ಬಲಗಡೆ ನೋಡ್ರೈವ್‌ಟೈಪ್‌ಆಟೋರನ್ ಅನ್ನುವ ಬೆಲೆ ಇರುತ್ತದೆ. ಅದನ್ನು ಡೆಸಿಮಲ್‌ನಲ್ಲಿ 255 ಮಾಡಿ, ಯಂತ್ರ ರೀಸ್ಟಾರ್ಟ್ ಮಾಡಿ. ಮುಟ್ಟುವ ಮೊದಲು ಫೈಲ್ ಮೆನುವಿನಿಂದ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ.

ಸೆಟ್ಟಿಂಗ್ ಕೂತಿತಾ ಇಲ್ಲವಾ ಅಂತ ಪರೀಕ್ಷೆ ಮಾಡದೆ ಮುಂದೆ ಹೋಗಬೇಡಿ. ಪ್ರಿಂಟರಿನ ಜೊತೆಗೋ ಮದರ್‌ಬೋರ್ಡಿನ ಜೊತೆಗೋ ಬಂದ ಡ್ರೈವರ್ ಸೀಡಿ ಇರುತ್ತದಲ್ಲ, ಅದನ್ನು ಹಾಕಿ. ಹಾಕಿದ ಕೂಡಲೇ ಬಣ್ಣದ ಕಿಟಕಿ ತೆರೆದುಕೊಳ್ಳುವ ಸೀಡಿ ಅದು. ಒಂದು ನಿಮಿಷ ಕಾದರೂ ಏನೂ ಬರಲಿಲ್ಲ ಅಂದರೆ ಸರಿ. ಬಂತು ಅಂದರೆ ಮತ್ತೆ ಸೆಟ್ಟಿಂಗಿಗೆ ಹೋಗಿ. ಈ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಶಿಫ್ಟ್ ಕೀ ಹಿಡಿದುಕೊಂಡು ಸೀಡಿ ಹಾಕಿದರೆ ಸಾಕು ಅನ್ನುವ ಉಪಾಯ ಹಳೆಯದು. 2003ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಅಲೆಕ್ಸ್ ಹಾಲ್ಡರ್‌ಮನ್ ಇದನ್ನೇ ಬರೆದಿದ್ದಕ್ಕೆ ಸನ್‌ಕಾಮ್ ಕೇಸು ಹಾಕುತ್ತೇನೆ ಅಂತ ಹೆದರಿಸಿ, ಆಮೇಲೆ ಹಿಂದೆ ಸರಿಯಿತು. ಒಂದು ಕೀ ಒತ್ತಿದ್ದಕ್ಕೆ ಕೇಸು, ನೋಡಿ! ಎಕ್ಸ್‌ಪಿಯಲ್ಲಿ ಈ ಉಪಾಯ ನಡೆಯುತ್ತದೆ. ಎಕ್ಸ್‌ಪಿಯ ನಂತರದ ವಿಂಡೋಸ್ ವಿಸ್ತಾ ಬಂದ ಮೇಲೆ ಶಿಫ್ಟ್‌ನ ಕೆಲಸವೇ ಬದಲಾಯಿತು, ಅಲ್ಲಿ ಅದು ಆಟೋಪ್ಲೇ ಕಿಟಕಿಯನ್ನೇ ತೆರೆಯುತ್ತದೆ. ಎಕ್ಸ್‌ಪಿಯಲ್ಲೂ ಬೆರಳು ಬೇಗ ಬಿಟ್ಟರೆ ಮುಗಿಯಿತು. ಹಾಗಾಗಿ ಇದು ಸೆಟ್ಟಿಂಗಿನ ಜೊತೆಗೆ ಇರಲಿ, ಬದಲಿಗೆ ಬೇಡ.

ಇನ್ನೊಂದು ತಪ್ಪು: ಆಟೋರನ್ ಬಂದ್ ಮಾಡಿ, ಆಮೇಲೆ ಮೈ ಕಂಪ್ಯೂಟರಿನಲ್ಲಿ ಸೀಡಿ ಚಿತ್ರದ ಮೇಲೆ ಡಬಲ್ ಕ್ಲಿಕ್ ಮಾಡುವುದು. ಅಪ್‌ಡೇಟ್ ಆಗದ ಎಕ್ಸ್‌ಪಿಯಲ್ಲಿ ಆಗಲೂ ಪ್ರೋಗ್ರಾಂ ಓಡಬಹುದು. ಮುಂಬಾಗಿಲು ಹಾಕಿ ಹಿತ್ತಿಲ ಬಾಗಿಲಿನಿಂದ ಕರೆದ ಹಾಗಾಯಿತು. ರೈಟ್ ಕ್ಲಿಕ್ ಮಾಡಿ ಎಕ್ಸ್‌ಪ್ಲೋರ್ ಅಂತಲೇ ಒತ್ತಿ.

ಕೆಲಸ ಮಾಡುವ ಅಕೌಂಟ್ ಅಡ್ಮಿನಿಸ್ಟ್ರೇಟರ್ ಆಗಿರದಿದ್ದರೆ ಇನ್ನೂ ಒಳ್ಳೆಯದು. ಡ್ರೈವರ್ ಕೂರಿಸಲು ಅಡ್ಮಿನ್ ಅಧಿಕಾರ ಬೇಕು. ಲಿಮಿಟೆಡ್ ಅಕೌಂಟ್ ಒಂದು ಮಾಡಿಕೊಂಡು ಅದರಲ್ಲೇ ಕೂತು ಕೆಲಸ ಮಾಡಿ.

ಹಂತ 4: ಬೂಸ್ಟು ಒರೆಸಿ

ನಮ್ಮ ಕಡೆಯ ತೇವಕ್ಕೆ ಸೀಡಿಗೂ ಬೂಸ್ಟು ಹಿಡಿಯುತ್ತದೆ. ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ ಒಂದು ಹನಿ. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಿರಿ, ಸುತ್ತಲೂ ತಿರುಗಿಸಬೇಡಿ. ಹೆಸರು ಬರೆದ ಬದಿಯನ್ನು ಗಟ್ಟಿಯಾಗಿ ಉಜ್ಜಬಾರದು. ಹಾಡು ಇರುವ ಲೋಹದ ಪದರ ಆ ಬದಿಯ ತೆಳು ಲೇಪದ ಕೆಳಗೇ ಇರುತ್ತದೆ. ಪೂರ್ತಿ ಒಣಗಿದ ಮೇಲೆ ಡ್ರೈವಿಗೆ ಹಾಕಿ.

ಹಂತ 5: ಲೈವ್ ಪೆನ್‌ಡ್ರೈವ್‌ನಿಂದ ಹಾಡು ಇಳಿಸಿ

ಎರಡನೇ, ಮೂರನೇ ರಾಶಿಗೆ ನನ್ನ ಸಲಹೆ ಇದೊಂದೇ. ವಿಂಡೋಸ್ ಹೊರಗೆ ಕೂತರೆ ವಿಂಡೋಸ್‌ಗೆ ಬರೆದ ಪ್ರೋಗ್ರಾಂ ಏನು ಮಾಡೀತು?

ಚೆನ್ನಾಗಿರುವ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ ಅಥವಾ ಉಬುಂಟುವಿನ (ವಿಂಡೋಸ್ ಬದಲಿಗೆ ಬಳಸುವ ಉಚಿತ ವ್ಯವಸ್ಥೆಗಳು) ಐಎಸ್‌ಒ ಫೈಲನ್ನು, ಅಂದರೆ ಇಡೀ ವ್ಯವಸ್ಥೆ ಇರುವ ಒಂದೇ ಫೈಲನ್ನು, ಅವರದೇ ಜಾಲತಾಣದಿಂದ ಇಳಿಸಿಕೊಳ್ಳಿ. ಕೆಲವು ಜಿಬಿ ಇರುತ್ತದೆ, ಮೊಬೈಲ್ ಡೇಟಾ ಮುಗಿಯಬಹುದು, ಫೈಬರ್ ಇರುವವರ ಮನೆಗೆ ಹೋಗಿ. ರೂಫಸ್ ಅನ್ನುವ ಉಚಿತ ತಂತ್ರಾಂಶದಿಂದ ಅದನ್ನು 8 ಜಿಬಿ ಪೆನ್‌ಡ್ರೈವಿಗೆ ಬರೆಯಿರಿ. ಬರೆಯುವಾಗ ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಮದುವೆ ಫೋಟೋ ಇರುವ ಪೆನ್‌ಡ್ರೈವ್ ತರಬೇಡಿ.

ಯಂತ್ರ ಆಫ್ ಮಾಡಿ, ಪೆನ್‌ಡ್ರೈವ್ ಸಿಕ್ಕಿಸಿ, ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತಿ. ಎಫ್12, ಎಫ್9, ಎಸ್ಕೇಪ್ ಹೀಗೆ ಒಂದೊಂದು ಕಂಪನಿಗೆ ಒಂದೊಂದು. ಪರದೆ ಬಂದ ಮೇಲೆ ಇನ್‌ಸ್ಟಾಲ್ ಅನ್ನುವ ಚಿತ್ರ ಕಾಣುತ್ತದೆ. ಅದನ್ನು ಒತ್ತಬೇಡಿ. ನಾವು ಬರೀ ಪೆನ್‌ಡ್ರೈವಿನಿಂದ ಓಡಿಸುತ್ತಿದ್ದೇವೆ. ಇನ್‌ಸ್ಟಾಲ್ ಒತ್ತಿ ಮುಂದೆ ಮುಂದೆ ಹೋದರೆ ಹಾರ್ಡ್‌ಡಿಸ್ಕಿನ ವಿಂಡೋಸ್ ಅಳಿಸಿಹೋಗುವ ಅಪಾಯ ಇದೆ.

ಇಂಟರ್‌ನೆಟ್ ಜೋಡಿಸಿ ಸಾಫ್ಟ್‌ವೇರ್ ಮ್ಯಾನೇಜರಿನಿಂದ ಸೀಡಿಯಿಂದ ಹಾಡು ಇಳಿಸುವ ಅಸಂಡರ್ ಅಥವಾ ಸೌಂಡ್ ಜ್ಯೂಸರ್ ಹಾಕಿಕೊಳ್ಳಿ. ಈಗ ಸೀಡಿ ಹಾಕಿ. ಎರಡು ಭಾಗದ ಸೀಡಿಯಾದರೆ ಪರದೆಯ ಮೇಲೆ ಎರಡು ಚಿತ್ರ ಬರಬಹುದು, ಒಂದು ಆಡಿಯೋ, ಇನ್ನೊಂದು ಡೇಟಾ. ಕುತೂಹಲ ಇದ್ದರೆ ಡೇಟಾ ತೆರೆದು ನೋಡಿ, ಇಲ್ಲಿ ಆ ಪ್ರೋಗ್ರಾಂ ತಾನಾಗಿ ಓಡುವುದಿಲ್ಲ. ಆಟೋರನ್ ಫೈಲ್, ಇಎಕ್ಸ್‌ಇ ಫೈಲ್‌ಗಳು ಕಂಡರೆ ಆ ಸೀಡಿಯ ಮೇಲೆ ಮಾರ್ಕರಿನಲ್ಲಿ ಗುರುತು ಹಾಕಲು ಎತ್ತಿಡಿ.

ಅಸಂಡರ್‌ನಲ್ಲಿ ಹಾಡುಗಳ ಪಟ್ಟಿ ಕಾಣುತ್ತದೆ. ಹೆಸರು ತಾನಾಗಿ ಬಾರದಿದ್ದರೆ ನೀವೇ ಟೈಪ್ ಮಾಡಿ. ಉಳಿಸುವ ಜಾಗ ಕೇಳಿದಾಗ ಎರಡನೇ ಪೆನ್‌ಡ್ರೈವ್ ಆರಿಸಿ. ಇದು ಬಹಳ ಮುಖ್ಯ. ಲೈವ್ ಲಿನಕ್ಸಿನ ಹೋಂ ಫೋಲ್ಡರ್‌ನಲ್ಲಿ ಉಳಿಸಿದ್ದು ಯಂತ್ರ ಆಫ್ ಮಾಡಿದ ಕೂಡಲೇ ಹೋಗಿಬಿಡುತ್ತದೆ. ಮಧ್ಯಾಹ್ನವಿಡೀ ಕೂತು ಹತ್ತಾರು ಸೀಡಿ ಇಳಿಸಿ, ಕರೆಂಟು ಹೋಗಿ, ಮತ್ತೆ ಮೊದಲಿನಿಂದ ಶುರು ಮಾಡಿದವರು ಇದ್ದಾರೆ.

ಫಾರ್ಮ್ಯಾಟ್ ಫ್ಲ್ಯಾಕ್ ಇರಲಿ. ಸೀಡಿಯ ಹಾಡು ಹಾಗೇ ಇಳಿಸಿದರೆ ನಿಮಿಷಕ್ಕೆ ಸುಮಾರು 10 ಎಂಬಿ, ಫ್ಲ್ಯಾಕ್‌ನಲ್ಲಿ ಅದಕ್ಕಿಂತ ಕಡಿಮೆ, ಗುಣಮಟ್ಟ ಮಾತ್ರ ಅಷ್ಟೇ. ಕಾರಿಗೆ ಬೇಕಾದ ಎಂಪಿ3ಯನ್ನು ಆಮೇಲೆ ಫ್ಲ್ಯಾಕ್‌ನಿಂದ ಮಾಡಿಕೊಳ್ಳಬಹುದು, ಸೀಡಿಯನ್ನು ಮತ್ತೆ ಮುಟ್ಟಬೇಕಿಲ್ಲ. ಮೂರನೇ ರಾಶಿಯ ಎಂಪಿ3 ಸೀಡಿಗೆ ಇದೆಲ್ಲ ಬೇಡ. ಎಂಪಿ3 ಫೈಲ್‌ಗಳನ್ನು ಮಾತ್ರ ಆರಿಸಿ ನಕಲು ಮಾಡಿ. ಇಡೀ ಸೀಡಿಯನ್ನು ಎಳೆದು ಹಾಕಬೇಡಿ, ವೈರಸ್ಸೂ ಜೊತೆಗೆ ಬರುತ್ತದೆ.

ಹಂತ 6: ಮೊದಲ ರಾಶಿಯನ್ನು ವಿಂಡೋಸ್‌ನಲ್ಲೇ ಇಳಿಸುವುದು

ಊರ ಸೀಡಿಗಳಿಗೆ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನುವ ವಿಂಡೋಸ್ ತಂತ್ರಾಂಶ ಸಾಕು. ಮೂರನೇ ಹಂತ ಮುಗಿಸಿರಬೇಕು ಅಷ್ಟೇ. ಸೆಕ್ಯೂರ್ ಮೋಡ್ ಆರಿಸಿ. ನಿಧಾನ ಆಗುತ್ತದೆ, ಆದರೆ ಗೀರು ಬಿದ್ದ ಕಡೆ ಎಲ್ಲಿ ಅನುಮಾನ ಅಂತ ಹೇಳುತ್ತದೆ. ಭಾಗವತರ ಏರುದನಿಯ ನಡುವೆ "ಟಿಕ್" ಅಂತ ಕೇಳಿಸಿದರೆ ಸೀಡಿ ಮತ್ತೊಮ್ಮೆ ಒರೆಸಿ, ಆ ಒಂದು ಹಾಡನ್ನೇ ಇನ್ನೊಮ್ಮೆ ಇಳಿಸಿ.

ಈ ರಾಶಿಯ ಸೀಡಿಯೇ ಆದರೂ ಒಪ್ಪಂದದ ಕಿಟಕಿ (ಷರತ್ತು ತೋರಿಸಿ ಒಪ್ಪಿಗೆ ಕೇಳುವುದು) ಬಂತು ಅಂದರೆ ಏನನ್ನೂ ಒತ್ತದೆ ಸೀಡಿ ಹೊರಗೆ ತೆಗೆಯಿರಿ. ಅದು ಐದನೇ ಹಂತದ ಸೀಡಿ.

ಹಂತ 7: ಈಗಾಗಲೇ ಒತ್ತಿಬಿಟ್ಟಿದ್ದರೆ, ಒಳಗೆ ಏನಿದೆ ಪತ್ತೆ ಮಾಡಿ

ನೆಟ್ ವೈರು ಕೀಳಿ, ವೈಫೈ ಆಫ್ ಮಾಡಿ. ಆಮೇಲೆ ಉಳಿದದ್ದು.

"ನಾನು ಡಿಕ್ಲೈನ್ ಅಂತಲೇ ಒತ್ತಿದ್ದು" ಅಂತ ಜನ ಹೇಳುತ್ತಾರೆ. ಮೀಡಿಯಾಮ್ಯಾಕ್ಸ್ ವಿಷಯದಲ್ಲಿ ಅದು ಲೆಕ್ಕಕ್ಕಿಲ್ಲ. ಒಪ್ಪಂದದ ಕಿಟಕಿ ಕಾಣುವ ಮೊದಲೇ ಅದು ಹನ್ನೆರಡು ಎಂಬಿಯಷ್ಟು ಫೈಲ್‌ಗಳನ್ನು ಒಳಗೆ ಇಳಿಸಿ ಆಗಿರುತ್ತದೆ. ಬೇಡ ಅಂದರೂ ಅವು ಉಳಿಯುತ್ತವೆ.

ಎಕ್ಸ್‌ಸಿಪಿ ಪರೀಕ್ಷೆ ಸುಲಭ. ಡೆಸ್ಕ್‌ಟಾಪಿನಲ್ಲಿ ಖಾಲಿ ಟೆಕ್ಸ್ಟ್ ಫೈಲ್ ಮಾಡಿ. ಅದಕ್ಕೆ ಹೆಸರು ಕೊಡುವಾಗ ಡಾಲರ್ ಚಿಹ್ನೆ, ಎಸ್, ವೈ, ಎಸ್, ಮತ್ತೆ ಡಾಲರ್ ಚಿಹ್ನೆ, ಆಮೇಲೆ ಯಾವುದಾದರೂ ಪದ. ಎಂಟರ್ ಒತ್ತಿ. ಫೈಲ್ ಕಣ್ಣೆದುರೇ ಮಾಯವಾದರೆ ಎಕ್ಸ್‌ಸಿಪಿಯ ಮುಸುಕು ಜೀವಂತ ಇದೆ. ಈ ಐದು ಅಕ್ಷರದಿಂದ ಶುರುವಾಗುವ ಎಲ್ಲವನ್ನೂ ಅದು ಅಡಗಿಸುತ್ತದೆ, ತನ್ನದು ಯಾವುದು, ಬೇರೆಯವರದು ಯಾವುದು ಅಂತ ನೋಡುವುದಿಲ್ಲ. ನಿಜವಾದ ಅಪಾಯ ಇದೇ. 2005ರ ನವೆಂಬರ್‌ನಲ್ಲೇ ಕಳ್ಳ ಪ್ರೋಗ್ರಾಂಗಳು ತಮಗೂ ಇದೇ ಹೆಸರಿಟ್ಟುಕೊಂಡು ಆ ಮುಸುಕಿನ ಕೆಳಗೆ ಕೂತವು. ಆಂಟಿವೈರಸ್‌ಗೆ ಅವು ಕಾಣಲಿಲ್ಲ.

ಫೈಲ್ ಮಾಯವಾಗಲಿಲ್ಲ ಅಂದರೆ ಪೂರ್ತಿ ಪಾರು ಅಂತಲ್ಲ. ಮೈಕ್ರೋಸಾಫ್ಟ್ ತನ್ನ ಶುದ್ಧೀಕರಣ ಉಪಕರಣದಲ್ಲಿ ಈ ಮುಸುಕನ್ನು ಮಾತ್ರ ತೆಗೆದಿತ್ತು, ಉಳಿದ ಭಾಗ ಹಾಗೇ ಇರಬಹುದು. ವಿಂಡೋಸ್ ಫೋಲ್ಡರಿನ ಸಿಸ್ಟಂ32 ಒಳಗೆ ಅದೇ ಐದು ಅಕ್ಷರದಿಂದ ಶುರುವಾಗಿ ಫೈಲ್‌ಸಿಸ್ಟಂ ಅಂತ ಮುಗಿಯುವ ಫೋಲ್ಡರ್ ಇದೆಯಾ ನೋಡಿ.

ಮೀಡಿಯಾಮ್ಯಾಕ್ಸ್‌ಗೆ ಎರಡು ಪರೀಕ್ಷೆ. ಪ್ರೋಗ್ರಾಂ ಫೈಲ್ಸ್, ಕಾಮನ್ ಫೈಲ್ಸ್ ಒಳಗೆ ಸನ್‌ಕಾಮ್ ಶೇರ್ಡ್ ಅನ್ನುವ ಫೋಲ್ಡರ್ ಹುಡುಕಿ. ಆಮೇಲೆ ಕಮಾಂಡ್ ಪ್ರಾಂಪ್ಟ್ ತೆರೆದು ಎಸ್-ಸಿ, ಸ್ಪೇಸ್, ಕ್ಯೂ-ಯು-ಇ-ಆರ್-ವೈ, ಸ್ಪೇಸ್, ಎಸ್-ಬಿ-ಸಿ-ಪಿ-ಎಚ್-ಐ-ಡಿ ಅಂತ ಹೊಡೆಯಿರಿ. ಅಂಥ ಸರ್ವಿಸ್ ಇಲ್ಲ ಅಂದರೆ ಒಳ್ಳೆಯದು. ಸ್ಟೇಟ್, ರನ್ನಿಂಗ್ ಅಂತೆಲ್ಲ ಸಾಲುಗಳು ಬಂದರೆ ಅದು ಕೂತಿದೆ. ಆ ಫೋಲ್ಡರಿನ ತೊಂದರೆ ಏನೆಂದರೆ, ಯಾವ ಬಳಕೆದಾರ ಬೇಕಾದರೂ ಅದರೊಳಗಿನ ಪ್ರೋಗ್ರಾಂ ಬದಲಿಸಬಹುದು. ಮುಂದಿನ ಸಲ ಅಡ್ಮಿನ್ ಕೂತು ಅಂಥದ್ದೇ ಸೀಡಿ ಹಾಕಿದರೆ, ಬದಲಿಸಿಟ್ಟ ಪ್ರೋಗ್ರಾಂ ಅಡ್ಮಿನ್ ಅಧಿಕಾರದಲ್ಲೇ ಓಡುತ್ತದೆ.

ಹಂತ 8: ತೆಗೆಯುವ ಕ್ರಮ

ಮೊದಲು ಮಾಡಬಾರದ್ದು. ಅಡಗಿದ್ದ ಫೋಲ್ಡರ್ ಕಂಡಿತು ಅಂತ ಕೈಯಾರೆ ಡಿಲೀಟ್ ಮಾಡಬೇಡಿ. ಎಕ್ಸ್‌ಸಿಪಿ ಸೀಡಿ ಡ್ರೈವಿಗೂ ವಿಂಡೋಸಿಗೂ ನಡುವೆ ತನ್ನ ಡ್ರೈವರ್ ತೂರಿಸಿರುತ್ತದೆ. ಆ ಫೈಲ್ ಮಾತ್ರ ತೆಗೆದು ಅದರ ಹೆಸರನ್ನು ರಿಜಿಸ್ಟ್ರಿಯಲ್ಲಿ ಬಿಟ್ಟರೆ ವಿಂಡೋಸ್ ಅದನ್ನು ಹುಡುಕುತ್ತದೆ, ಸಿಗುವುದಿಲ್ಲ, ಸೀಡಿ ಡ್ರೈವನ್ನೇ ಕೈಬಿಡುತ್ತದೆ.

"ಎಕ್ಸ್‌ಸಿಪಿ ತೆಗೆಯುವ ಟೂಲ್" ಅಂತ ನೆಟ್‌ನಲ್ಲಿ ಹುಡುಕಬೇಡಿ. 2005ರಲ್ಲಿ ಕಂಪನಿ ಕೊಟ್ಟ ಮೊದಲ ಅನ್‌ಇನ್‌ಸ್ಟಾಲರೇ ಬ್ರೌಸರಿನಲ್ಲಿ ಒಂದು ಭಾಗ ಬಿಟ್ಟು ಹೋಗುತ್ತಿತ್ತು. ಅದರ ಮೂಲಕ ಯಾವ ಜಾಲತಾಣ ಬೇಕಾದರೂ ನಿಮ್ಮ ಯಂತ್ರದಲ್ಲಿ ಪ್ರೋಗ್ರಾಂ ಓಡಿಸಬಹುದಿತ್ತು. ಇದನ್ನು ತೋರಿಸಿದವರೂ ಪ್ರಿನ್ಸ್‌ಟನ್‌ನವರೇ, ಹಾಲ್ಡರ್‌ಮನ್ ಮತ್ತು ಎಡ್ ಫೆಲ್ಟನ್. ಇಷ್ಟು ವರ್ಷ ಆದ ಮೇಲೆ ಈಗ ಆ ಹೆಸರಲ್ಲಿ ಸಿಗುವುದನ್ನು ನಂಬಲು ಕಾರಣವೇ ಇಲ್ಲ.

ಮಾಡಬೇಕಾದ್ದು ಹೀಗೆ. ಫೋಟೋ, ಪತ್ರ, ಲೆಕ್ಕದ ಬ್ಯಾಕಪ್ ಫೈಲ್‌ಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ. ಪ್ರೋಗ್ರಾಂ ಫೈಲ್ ಒಂದೂ ಬೇಡ. ನಕಲು ಮಾಡಿದ್ದನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಬ್ಯಾಕಪ್ ಅಲ್ಲ.

ಆಮೇಲೆ ಮುಸುಕು ತೆಗೆಯಿರಿ. ಅಡ್ಮಿನ್ ಅಕೌಂಟಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಎಸ್-ಸಿ, ಸ್ಪೇಸ್, ಡಿ-ಇ-ಎಲ್-ಇ-ಟಿ-ಇ, ಸ್ಪೇಸ್, ಆಮೇಲೆ ಒಂದೇ ಪದವಾಗಿ ಡಾಲರ್ ಚಿಹ್ನೆ, ಎಸ್-ವೈ-ಎಸ್, ಡಾಲರ್ ಚಿಹ್ನೆ, ಎ-ಆರ್-ಐ-ಇ-ಎಸ್. ಎಂಟರ್. ಯಂತ್ರ ರೀಸ್ಟಾರ್ಟ್. ಏಳನೇ ಹಂತದ ಫೈಲ್ ಪರೀಕ್ಷೆಯನ್ನು ಮತ್ತೆ ಮಾಡಿ, ಈಗ ಫೈಲ್ ಕಾಣಬೇಕು. ಕಂಡ ಮೇಲೆ ಆಂಟಿವೈರಸ್ ಸ್ಕ್ಯಾನ್ ಮಾಡಿಸಿ. ಮುಸುಕಿನ ಕೆಳಗೆ ಬೇರೆ ಏನಾದರೂ ಕೂತಿದ್ದರೆ ಈಗ ಕೈಗೆ ಸಿಗುತ್ತದೆ. ಸ್ಕ್ಯಾನ್ ಮೊದಲು, ಮುಸುಕು ಆಮೇಲೆ ಅಂತ ಮಾಡಿದರೆ ಶ್ರಮ ದಂಡ.

ಉಳಿದ ಡ್ರೈವರ್‌ಗಳನ್ನು ಒಂದೊಂದಾಗಿ ಕೀಳುವ ಸಾಹಸ ಬೇಡ ಅನ್ನುವುದು ನನ್ನ ಅಭಿಪ್ರಾಯ. ಡೇಟಾ ಹೊರಗಿದೆ ಅಲ್ವಾ? ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿಸಿ. ಮೀಡಿಯಾಮ್ಯಾಕ್ಸ್‌ಗೂ ಇದೇ. ಅಂಗಡಿಗೆ ಕೊಡುವುದಾದರೆ "ವೈರಸ್ ತೆಗೆಯಿರಿ" ಅನ್ನಬೇಡಿ. "ಬ್ಯಾಕಪ್ ಆಗಿದೆ, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿ" ಅಂತ ಬರೆದು ಕೊಡಿ.

ಹಂತ 9: ಡ್ರೈವ್ ಆಗಲೇ ಮಾಯವಾಗಿದ್ದರೆ

ಡಿವೈಸ್ ಮ್ಯಾನೇಜರ್ ತೆರೆಯಿರಿ. ಸೀಡಿ ಡ್ರೈವಿನ ಎದುರು ಹಳದಿ ಗುರುತು, ಒಳಗೆ ಕೋಡ್ 19, 39 ಅಥವಾ 41 ಇದ್ದರೆ ಡ್ರೈವ್ ಕೆಟ್ಟಿಲ್ಲ. ಹೊಸ ಡ್ರೈವ್ ಕೊಳ್ಳಲು ಹೋಗಬೇಡಿ.

ರೆಜ್‌ಎಡಿಟ್‌ನಲ್ಲಿ ಲೋಕಲ್ ಮಷೀನ್, ಸಿಸ್ಟಂ, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕ್ಲಾಸ್. ಅಲ್ಲಿ 4ಡಿ36ಇ965 ಅಂತ ಶುರುವಾಗುವ ಕೀಲಿ. ಬಲಗಡೆ ಡಿವಿಡಿ, ಸೀಡಿರೋಮ್ ಅಂತ ಹೆಸರು ಕಂಡರೆ ಸರಿಯಾದ ಜಾಗ. ಆ ಕೀಲಿಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟು, ಬಲಗಡೆಯ ಅಪ್ಪರ್‌ಫಿಲ್ಟರ್ಸ್ ಮತ್ತು ಲೋವರ್‌ಫಿಲ್ಟರ್ಸ್ ಅಳಿಸಿ. ರೀಸ್ಟಾರ್ಟ್. ಸೀಡಿ ಬರೆಯುವ ತಂತ್ರಾಂಶ ಇದ್ದರೆ ಅದನ್ನು ಮತ್ತೆ ಹಾಕಬೇಕಾದೀತು.

ಹೀಗೆ ಡ್ರೈವ್ ಹೋಗುವುದಕ್ಕೆ ಹಳೇ ಬರ್ನಿಂಗ್ ತಂತ್ರಾಂಶದ ಅವಶೇಷವೂ ಕಾರಣ ಇರುತ್ತದೆ, ಎಲ್ಲಕ್ಕೂ ಸೀಡಿಯನ್ನೇ ದೂರಬೇಡಿ. ಆದರೆ ತಪ್ಪು ಎಕ್ಸ್‌ಸಿಪಿಯದ್ದೇ ಆದರೆ ಈ ಮದ್ದು ಸಾಲದೇ ಹೋಗಬಹುದು. ಅದು ತನ್ನ ಹೆಸರನ್ನು ಇನ್ನೂ ಒಳಗೆ, ಒಂದೊಂದು ಸಾಧನದ ಕೀಲಿಯಲ್ಲೇ ಬರೆದಿಡುತ್ತದೆ. ಅಡ್ಮಿನ್ ಆದವರಿಗೂ ಅಲ್ಲಿ ತಿದ್ದಲು ಬಿಡುವುದಿಲ್ಲ. ಡ್ರೈವನ್ನು ಯಂತ್ರಕ್ಕೆ ಜೋಡಿಸುವ ಐಡಿಇ ಚಾನೆಲ್ ಮೇಲೂ ಅದರ ಡ್ರೈವರ್ ಒಂದು ಕೂತಿರುತ್ತದೆ. ಅಷ್ಟು ಆಳಕ್ಕೆ ಇಳಿಯುವ ಬದಲು ಎಂಟನೇ ಹಂತದ ಕೊನೆಗೆ ಹೋಗಿ.

ಹಂತ 10: ಹಾಡು ಸಿಕ್ಕ ಮೇಲೆ

ಪ್ರತಿ ಹಾಡಿನ ಶುರು, ನಡು, ಕೊನೆ ಕೇಳಿ. ಫೈಲ್ ಇದೆ ಅಂದ ಮಾತ್ರಕ್ಕೆ ಹಾಡು ಪೂರ್ತಿ ಇದೆ ಅಂತಲ್ಲ. ಇನ್ನೊಂದು ನಕಲನ್ನು ಬೇರೆ ಹಾರ್ಡ್‌ಡಿಸ್ಕಿನಲ್ಲಿ ಇಡಿ.

ಇದೆಲ್ಲ ನೀವು ಕೊಂಡ ಸೀಡಿಯನ್ನು ನೀವೇ ಕೇಳಲಿಕ್ಕೆ. ನಕಲು ಬರೆದು ಮಾರುವುದು, ಊರಿಗೆಲ್ಲ ಹಂಚುವುದು ಬೇರೆಯೇ ವಿಷಯ. ಅದಕ್ಕೆ ಕಾಪಿರೈಟ್ ಕಾಯ್ದೆ ಇದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ತಡೆ ಮುರಿದರೆ 2012ರಲ್ಲಿ ಸೇರಿಸಿದ 65ಎ ಕಲಮಿನಡಿ ಶಿಕ್ಷೆಯೂ ಇದೆ.

ಅನುಮಾನದ ಸೀಡಿಗಳನ್ನು ಬದಲಿಸಿಕೊಡುವ ಕಂಪನಿಯ ಯೋಜನೆ ವರ್ಷಗಳ ಹಿಂದೆಯೇ ಮುಗಿದಿದೆ. ಅವನ್ನು ಬೇರೆ ಲಕೋಟೆಗೆ ಹಾಕಿ, ಮೇಲೆ "ಕಂಪ್ಯೂಟರಿಗೆ ಹಾಕಬೇಡಿ, ಪ್ಲೇಯರಿಗೆ ಮಾತ್ರ" ಅಂತ ದಪ್ಪಗೆ ಬರೆಯಿರಿ. ಸೀಡಿಯ ಮೇಲೇ ಬರೆಯುವುದಾದರೆ ನಡುವಿನ ಪಾರದರ್ಶಕ ಉಂಗುರದಲ್ಲಿ ಒಂದು ಗುರುತು ಸಾಕು. ರಜೆಗೆ ಬಂದ ಮಕ್ಕಳು ಯಾರ ಲ್ಯಾಪ್‌ಟಾಪಿಗೆ ಹಾಕುತ್ತಾರೋ ಹೇಳೋಕಾಗಲ್ಲ.